ಒತ್ತು ತಪ್ಪಿದ ರಾಜ್ಯೋತ್ಸವ

ಕಲ್ಲಿಗೆ ಹೊಂದಿಕೊಂಡಿತು, ಸೀಸದ ಮೊಳೆಗೂ ಹೊಂದಿಕೊಂಡಿತು. ಗಾಜಿನ ಪರದೆಗೆ ಬಂದಾಗ ಮಾತ್ರ ಕನ್ನಡದ ಅಕ್ಷರ ಎಡವಿತು. ರೋಣ, ನರಗುಂದ, ಗಜೇಂದ್ರಗಡದ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಎರಡು ಕನ್ನಡಗಳಿವೆ. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಯಂತ್ರಕ್ಕೆ ತಿಳಿಯುವುದು. ಇವೆರಡರ ಸಂದಿಯಲ್ಲಿ ಒಂದು ತಲೆಮಾರಿನ ಬರಹ ಸಿಕ್ಕಿಬಿದ್ದಿದೆ.

ಅಕ್ಟೋಬರ್ ತಿಂಗಳ ಕಡೆಯ ಸಂಜೆ. ಗಜೇಂದ್ರಗಡದ ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿಯ ಮುಂದೆ ಬೈಕುಗಳು ಒತ್ತಿಕೊಂಡು ನಿಂತಿವೆ. ಒಳಗೆ ಪ್ರಿಂಟಿಂಗ್ ಮಷಿನ್ನಿನ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹರಿದಾಡುತ್ತ ಭುವನೇಶ್ವರಿಯ ಕಿರೀಟವನ್ನು ಗೆರೆಗೆರೆಯಾಗಿ ಹೊರಹಾಕುತ್ತಿದೆ. ಬೆಳಗಾದರೆ ರಾಜ್ಯೋತ್ಸವ. ಕನ್ನಡ ಸಂಘ, ಆಟೊ ಸ್ಟ್ಯಾಂಡ್, ಗ್ರಾಮ ಪಂಚಾಯಿತಿ, ಎಲ್ಲರಿಗೂ ಬ್ಯಾನರ್ ಇವತ್ತೇ ಬೇಕು.

ಹಳ್ಳಿಯಿಂದ ಬಂದ ಹಿರಿಯರೊಬ್ಬರು ತಮ್ಮ ಸಂಘದ ಒಕ್ಕಣೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಅದನ್ನು ಎತ್ತಿ ಡಿಸೈನಿನೊಳಗೆ ಅಂಟಿಸುತ್ತಾನೆ. ಪರದೆಯ ಮೇಲೆ ಮೂಡಿದ್ದು ಇದು: ‘ರಾಜ್‌ಯೋತ್‌ಸವ’.

‘ಏ ತಮ್ಮಾ, ಒತ್ತು ಎಲ್ಲಿ ಹೋದ್ವೋ?’

‘ವಾಟ್ಸಾಪ್‌ದಾಗಿಂದು ಹಂಗ ಎತ್ತಿ ಹಾಕಿದ್ರ ಹಿಂಗ ಆಗ್ತೈತ್ರಿ ಕಾಕಾ. ನಾ ನುಡಿಯೊಳಗ ಮತ್ತ ಹೊಡಕೋತೀನಿ, ಐದ್ ನಿಮಿಷ ಕೂಡ್ರಿ.’

ಹುಡುಗನ ಬೆರಳು ಕೀಲಿಗಳ ಮೇಲೆ ಓಡುತ್ತವೆ. ದಪ್ಪ ಹೊಟ್ಟೆಯ ಒಂದು ಫಾಂಟ್ ಆರಿಸುತ್ತಾನೆ, ಹಳದಿ ತುಂಬುತ್ತಾನೆ, ಹಿಂದೆ ಕೆಂಪು ನೆರಳು ಬಿಡುತ್ತಾನೆ. ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಕಾಕಾನ ಮುಖ ಅರಳುತ್ತದೆ.

ಭುವನೇಶ್ವರಿಯ ವಿಷಯದಲ್ಲಿ ಈ ಸೀಮೆಯವರು ತುಸು ಜಂಬ ಪಡಬಹುದು. ರೋಣ ತಾಲ್ಲೂಕಿನ ಜಕ್ಕಲಿಯಲ್ಲಿ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲೇ, ರಾಜ್ಯ ಒಂದಾಗುವ ಮೊದಲೇ, ಕಲಾವಿದ ಸಿ. ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದ್ದರು. ಚಿತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಸಲೀಸಾಗಿ ದಾಟಿ ಬಂತು. ಅಕ್ಷರಕ್ಕೆ ಆ ಭಾಗ್ಯ ಇರಲಿಲ್ಲ.

ರೂಪ ಬೇರೆ, ಸಂಖ್ಯೆ ಬೇರೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದ ಒಂದು ಕಡೆ; ಆ ಅಕ್ಷರ ದುಂಡಗೋ ಚೌಕವೋ, ತೆಳುವೋ ದಪ್ಪವೋ ಎಂಬುದು ಇನ್ನೊಂದು ಕಡೆ. ಮೊದಲನೆಯದು ಸಂಕೇತ, ಎರಡನೆಯದು ಫಾಂಟ್. ಕನ್ನಡದ ಕಂಪ್ಯೂಟರ್ ಚರಿತ್ರೆಯ ಗೋಳಾಟದಲ್ಲಿ ಮುಕ್ಕಾಲು ಪಾಲು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿತು ಎಂದೇ ನನ್ನ ಲೆಕ್ಕ.

ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ ‘ರೋಣ’ ಎಂದರೆ ಮೂರು ಸಂಖ್ಯೆ: 3248, 3275, 3235. ರ, ಓಕಾರದ ಚಿಹ್ನೆ, ಣ, ಅಷ್ಟೇ. ಈ ಮೂರು ಸಂಖ್ಯೆ ಟೋಕಿಯೊದ ಫೋನಿನಲ್ಲೂ ರೋಣವೇ, ನರಗುಂದದ ಫೋನಿನಲ್ಲೂ ರೋಣವೇ.

ಅಂಗಡಿಯ ಹುಡುಗ ಹಳೆಯ ‘ನುಡಿ’ ಫಾಂಟಿನಲ್ಲಿ ಅದೇ ರೋಣವನ್ನು ಹೊಡೆದಾಗ ಯಂತ್ರದೊಳಗೆ ಉಳಿಯುವುದು ಬೇರೆಯೇ. ಇಂಗ್ಲಿಷಿನ ಸಣ್ಣ ಜಿ, ನೆತ್ತಿಯ ಮೇಲೆ ಗೀಟು ಹೊತ್ತ ಇ, ಎ ಮತ್ತು ಇ ಬೆನ್ನಿಗೆ ಬೆನ್ನು ಅಂಟಿಕೊಂಡ ಒಂದು ಅಕ್ಷರ, ತಲೆಯ ಮೇಲೆ ಅಲೆಯಿರುವ ಎ, ಕೊನೆಗೆ ಸಣ್ಣ ಟಿ. ಒಟ್ಟು ಐದು. ನುಡಿ ಫಾಂಟ್ ಇರುವ ತನಕ ಅದು ರೋಣದಂತೆ ಕಾಣುತ್ತದೆ. ಫಾಂಟ್ ತೆಗೆದರೆ ಯುರೋಪಿನ ಯಾವುದೋ ಭಾಷೆಯ ಮುದ್ರಣದೋಷದಂತೆ ಕಾಣುತ್ತದೆ.

ಅಂದರೆ ಅಲ್ಲಿ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಲಾಗಿತ್ತು.

> ಯಂತ್ರದ ಲೆಕ್ಕದಲ್ಲಿ ನಮ್ಮೂರು
>
> ರೋಣ: ಕಣ್ಣಿಗೆ 2 ಅಕ್ಷರ, ಯೂನಿಕೋಡ್‌ನಲ್ಲಿ 3 ಸಂಕೇತ.
>
> ನರಗುಂದ: ಕಣ್ಣಿಗೆ 4, ಸಂಕೇತ 6.
>
> ಗಜೇಂದ್ರಗಡ: ಕಣ್ಣಿಗೆ 5, ಸಂಕೇತ 9. ಅಂತರ್ಜಾಲದಲ್ಲಿ ರೂಢಿಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಜಾಗ ಬೇಕು. ಹೀಗಾಗಿ ಈ ಊರಿನ ಹೆಸರಿಗೆ 27 ಬೈಟ್.
>
> ತೆಲುಗಿನ ‘ಕ’ದ ಸಂಖ್ಯೆ 3093, ಕನ್ನಡದ ‘ಕ’ 3221, ಮಲಯಾಳದ ‘ಕ’ 3349. ನಡುವಿನ ಅಂತರ ಎರಡೂ ಕಡೆ ಸರಿಯಾಗಿ 128. ಭಾರತದ ಲಿಪಿಗಳಿಗೆಂದು ಮೊದಲೇ ರೂಪಿಸಿದ್ದ ‘ಇಸ್ಕಿ’ ಎಂಬ ಸಂಕೇತ ಕ್ರಮದ ಜೋಡಣೆಯನ್ನೇ ಯೂನಿಕೋಡ್ ಅನುಸರಿಸಿದ್ದರ ಫಲ ಇದು.

256 ಖಾನೆಗಳ ಇಕ್ಕಟ್ಟು

ವೇಷ ಹಾಕಿಸಿದವರು ದಡ್ಡರೇನಲ್ಲ. ಅವರ ಇಕ್ಕಟ್ಟು ನೋಡಿ.

ಗದಗ ಮೊದಲಿನಿಂದಲೂ ಅಚ್ಚುಕೂಟದ ಊರು. ಪಠ್ಯಪುಸ್ತಕ, ಪಂಚಾಂಗ, ಪುರಾಣ, ನೋಟ್‌ಬುಕ್ಕು, ಎಲ್ಲಕ್ಕೂ ಸುತ್ತಲ ತಾಲ್ಲೂಕಿನವರು ಹೋಗುತ್ತಿದ್ದುದು ಅಲ್ಲಿಗೇ. ಅಚ್ಚುಮೊಳೆಯ ಕಾಲದಲ್ಲಿ ಕನ್ನಡ ಕಂಪೋಸಿಟರನ ಮುಂದೆ ಇಂಗ್ಲಿಷಿನವನಿಗಿಂತ ಎಷ್ಟೋ ಹೆಚ್ಚು ಖಾನೆಗಳು. ಕಾ, ಕಿ, ಕು, ಕೆ ಪ್ರತಿಯೊಂದಕ್ಕೂ ಏರ್ಪಾಡು, ಜೊತೆಗೆ ಒತ್ತುಗಳ ಸೈನ್ಯ. ಜಾಗ ಸಾಲದಿದ್ದರೆ ಇನ್ನೊಂದು ಪೆಟ್ಟಿಗೆ ಇಟ್ಟುಕೊಳ್ಳಬಹುದಿತ್ತು.

ಕಂಪ್ಯೂಟರಿನಲ್ಲಿ ಆ ಸವಲತ್ತು ಇರಲಿಲ್ಲ. ಆ ದಿನಗಳ ಒಂದು ಫಾಂಟಿನಲ್ಲಿ ಒಟ್ಟು 256 ಖಾನೆ. ಅದರಲ್ಲೂ ಮೊದಲ 32 ಯಂತ್ರದ ಸ್ವಂತ ಕೆಲಸಕ್ಕೆ. ಉಳಿದದ್ದರಲ್ಲಿ ಕನ್ನಡದ ವ್ಯಂಜನ, ಗುಣಿತ, ಒತ್ತು ಎಲ್ಲ ಹಿಡಿಯಬೇಕು. ಇಡೀ ಕಾಗುಣಿತ ಬರೆದರೇ ನಾನೂರು ದಾಟುತ್ತದೆ. ಒತ್ತಕ್ಷರದ ಮಾತು ಆಮೇಲೆ.

ಹೀಗಾಗಿ ಅಕ್ಷರವನ್ನು ಕತ್ತರಿಸಿದರು. ದೇಹ ಒಂದು ತುಂಡು, ತಲೆಕಟ್ಟು ಒಂದು ತುಂಡು, ಏತ್ವ ಒಂದು, ಕೊಂಬು ಒಂದು, ದೀರ್ಘ ಇನ್ನೊಂದು. ಹಳೇ ಸೀರೆಯ ಚೂರುಗಳನ್ನು ಸೇರಿಸಿ ಅಜ್ಜಿ ಹೊಲಿದ ಕೌದಿಯಂತೆ ಪರದೆಯ ಮೇಲೆ ಅಕ್ಷರ ಜೋಡಣೆಯಾಯಿತು. ನೋಡುವವರಿಗೆ ಹೊಲಿಗೆ ಕಾಣಬಾರದು, ಅಷ್ಟೇ. ಮೇಲೆ ಹೇಳಿದ ‘ರೋ’ಗೆ ನಾಲ್ಕು ತುಂಡು ಬಿದ್ದದ್ದು ಇದೇ ಕಾರಣಕ್ಕೆ.

ಕತ್ತರಿಸುವ ಬಗೆಯಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಪುಣೆಯಿಂದ ಬಂದ ಶ್ರೀಲಿಪಿಯದು ಒಂದು ಕ್ರಮ, ಆಕೃತಿಯದು ಇನ್ನೊಂದು, ಪ್ರಕಾಶಕ್‌ನದು ಮತ್ತೊಂದು. ಒಂದು ಅಂಗಡಿಯಲ್ಲಿ ಹೊಡೆದ ಫೈಲು ಇನ್ನೊಂದು ಅಂಗಡಿಯಲ್ಲಿ ತೆರೆದರೆ ಕಸ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಲುಪಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರ ತನ್ನ ಕಚೇರಿಗಳಿಗೆ ಒಪ್ಪಿಕೊಂಡಿತು; ತುಂಡುಗಳಿಗೂ ಒಂದು ಪ್ರಮಾಣಿತ ಪಟ್ಟಿ ಬಂತು. ಗೊಂದಲ ತಗ್ಗಿತು, ತೀರಲಿಲ್ಲ. ಹೊಲಿಗೆ ಒಂದೇ ಮಾದರಿಯದಾಯಿತು, ಬಟ್ಟೆ ಮಾತ್ರ ಇಂಗ್ಲಿಷಿನದೇ.

ಕಿನ್ನಿಕಂಬಳದಿಂದ ಬಂದ ಕೀಲಿಮಣೆ

ಈ ಕಥೆಯಲ್ಲಿ ಒಬ್ಬರ ಮುಂದೆ ನಿಂತು ಮಾತಾಡಲೇಬೇಕು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್. ಫೋಟೊ ಟೈಪ್‌ಸೆಟ್ಟಿಂಗ್ ಕಾಲದಿಂದ ಭಾರತೀಯ ಲಿಪಿಗಳ ಜೊತೆ ಕೆಲಸ ಮಾಡಿದ ಈ ಹಿರಿಯರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿದೆ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ.

ಟೈಪ್‌ರೈಟರಿನಲ್ಲಿ ಕಣ್ಣಿಗೆ ಕಾಣುವ ತುಂಡುಗಳನ್ನು ಒಂದೊಂದಾಗಿ ಕುಟ್ಟಬೇಕಿತ್ತು. ರಾವ್ ಅದನ್ನು ತಿರುಗಿಸಿ ಹಾಕಿದರು: ಬೆರಳು ಉಚ್ಚಾರವನ್ನು ಹೊಡೆಯಲಿ, ತುಂಡು ಜೋಡಿಸುವ ತಲೆನೋವು ಯಂತ್ರಕ್ಕಿರಲಿ. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ಕೂತಿತು. ಮಹಾಪ್ರಾಣಕ್ಕೆ ಶಿಫ್ಟ್. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಕೀಲಿ.

ಗಜೇಂದ್ರಗಡದ ಹುಡುಗ ‘ರಾಜ್ಯೋತ್ಸವ’ ಹೊಡೆದಾಗ ಅವನ ಬೆರಳು ಹತ್ತು ಕೀಲಿ ಮುಟ್ಟಿದವು: ರ, ಆಕಾರ, ಜ, ಎಫ್, ಯ, ಓಕಾರ, ತ, ಎಫ್, ಸ, ವ. ಈಗ ಯೂನಿಕೋಡ್‌ನಲ್ಲಿ ಅದೇ ಪದದ ಸಂಕೇತ ಎಣಿಸಿ. ಅದೂ ಹತ್ತೇ, ಅದೇ ಸಾಲಿನಲ್ಲಿ. ಎಫ್ ಇದ್ದ ಕಡೆ ವ್ಯಂಜನದ ಸ್ವರವನ್ನು ಕಳಚುವ ಹಲಂತದ ಚಿಹ್ನೆ, ಅಷ್ಟೇ ವ್ಯತ್ಯಾಸ.

ಇದು ನನಗೆ ಈ ಇಡೀ ಪ್ರಕರಣದ ಅತ್ಯಂತ ಸೋಜಿಗದ ಸಂಗತಿ. ಬೆರಳು ಹೊಡೆಯುತ್ತಿದ್ದುದು ಅಪ್ಪಟ ಕನ್ನಡದ ಕ್ರಮ. ಪರದೆ ತೋರಿಸುತ್ತಿದ್ದುದೂ ಅಪ್ಪಟ ಕನ್ನಡ. ಮಧ್ಯೆ ಫೈಲಿನೊಳಗೆ ಉಳಿದದ್ದು ಮಾತ್ರ ಜಿ, ಟಿ ಮತ್ತು ಟೋಪಿ ಹಾಕಿದ ಇ.

ಅಂಗಡಿಯವರು ಯಾಕೆ ಬದಲಾಗಲಿಲ್ಲ?

ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಿದ್ದದ್ದು 1991ರಲ್ಲಿ. ಅದರಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂತು. 2012ರ ಆಂಡ್ರಾಯ್ಡ್ 4.1 ಫೋನಿಗೆ ಕನ್ನಡ ತಂದಿತು. ಅದಕ್ಕೂ ಮೊದಲು ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಎಂದರೆ ಚೌಕ ಚೌಕ ಡಬ್ಬಿಗಳ ಸಾಲು ಎಂಬುದು ಆ ಕಾಲದವರಿಗೆ ನೆನಪಿರಬಹುದು.

ಇಷ್ಟೆಲ್ಲ ಬಂದ ಮೇಲೂ ಡಿಟಿಪಿಯವರು ಹಳೆಯ ಫಾಂಟು ಬಿಡಲಿಲ್ಲ ಎಂದು ಬೆಂಗಳೂರಿನ ತಂತ್ರಜ್ಞರು ಮೂಗು ಮುರಿಯುವುದುಂಟು. ನಾನು ಅಂಗಡಿಯವರ ಪರ.

ಯೂನಿಕೋಡ್ ಕನ್ನಡ ಸರಿಯಾಗಿ ಕಾಣಬೇಕಾದರೆ ಫಾಂಟ್ ಒಂದೇ ಸಾಲದು. ಹಲಂತದ ಆಚೆಯ ವ್ಯಂಜನವನ್ನು ಒತ್ತಾಗಿಸಿ ಕೆಳಗೆ ಇಳಿಸುವ, ಅರ್ಕಾವೊತ್ತನ್ನು ಮುಂದಕ್ಕೆ ಒಯ್ಯುವ ಬುದ್ಧಿ ಆ ತಂತ್ರಾಂಶಕ್ಕೂ ಇರಬೇಕು. ತಾಲ್ಲೂಕಿನ ಅಂಗಡಿಗಳು ಅನ್ನ ಉಂಡದ್ದು ಪೇಜ್‌ಮೇಕರಿನಿಂದ. ಅದು ಕೊನೆಯ ಆವೃತ್ತಿಯ ತನಕ ಯೂನಿಕೋಡ್ ಕಲಿಯಲೇ ಇಲ್ಲ. ಕೋರೆಲ್‌ಡ್ರಾ, ಫೋಟೊಶಾಪ್ ಕಲಿತವು, ತಡವಾಗಿ. ಹಳೆಯ ವರ್ಷನ್ ಇಟ್ಟುಕೊಂಡವರಿಗೆ ಇವತ್ತಿಗೂ ‘ರಾಜ್‌ಯೋತ್‌ಸವ’ವೇ ಗತಿ.

ಅದಕ್ಕಿಂತ ದೊಡ್ಡ ಕಾರಣ ಚೆಂದದ್ದು. ಲಗ್ನಪತ್ರಿಕೆಗೆ ಬಳ್ಳಿ ಸುತ್ತಿದಂಥ ಅಕ್ಷರ ಬೇಕು. ಜಾತ್ರೆಯ ಪಾಂಪ್ಲೆಟ್ಟಿಗೆ ಗರಡಿಯಾಳಿನಂಥ ಅಕ್ಷರ ಬೇಕು. ಶ್ರದ್ಧಾಂಜಲಿಗೆ ಮೆತ್ತಗಿನದು ಬೇಕು. ಹಳೆಯ ಪ್ಯಾಕೇಜುಗಳಲ್ಲಿ ಇಂಥ ಬಗೆಗಳು ಸಾಲುಸಾಲಾಗಿ ಸಿಗುತ್ತಿದ್ದವು. ಯೂನಿಕೋಡ್ ಕಡೆ ಬಹುಕಾಲ ಇದ್ದದ್ದು ತುಂಗಾ, ಕೇದಗೆ, ಲೋಹಿತ್‌ನಂಥ ಬೆರಳೆಣಿಕೆಯ ಸಾದಾ ಮುಖಗಳು. ಮದುವೆ ಮನೆಯವರು ಫೈಲಿನೊಳಗಿನ ಸಂಖ್ಯೆಗೆ ದುಡ್ಡು ಕೊಡುವುದಿಲ್ಲ. ಕಾರ್ಡಿನ ಮೇಲಿನ ರೂಪಕ್ಕೆ ಕೊಡುತ್ತಾರೆ.

ದನವೂ ಧನವೂ

ರೂಪದ ಕೆಲಸ ಸುಲಭದ್ದೇನೂ ಅಲ್ಲ. ಹಳೆಯ ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದುದು ಹತ್ತು ಹನ್ನೆರಡು ಚುಕ್ಕೆಯ ಎತ್ತರ. ಅಷ್ಟರಲ್ಲಿ ತಲೆಕಟ್ಟು, ದುಂಡು ಹೊಟ್ಟೆ, ಒಳಗಿನ ಸುಳಿ, ಕೆಳಗಿನ ಒತ್ತು ಎಲ್ಲ ಬರಬೇಕು.

‘ದ’ದ ಹೊಟ್ಟೆ ಸೀಳಿದರೆ ‘ಧ’. ಒಳಗೆ ಚುಕ್ಕೆ ಇಟ್ಟರೆ ‘ಥ’. ‘ಪ’ಕ್ಕೆ ನಡುವೆ ಗೆರೆ ಎಳೆದರೆ ‘ಷ’. ಈ ಸೀಳು, ಚುಕ್ಕೆ, ಗೆರೆಗಳು ಸಣ್ಣ ಗಾತ್ರದಲ್ಲಿ ಮೊದಲು ಮಾಯವಾಗುವಂಥವು. ಸೀಳು ಮುಚ್ಚಿಕೊಂಡರೆ ಧನ ಹೋಗಿ ದನ ಆಗುತ್ತದೆ. ನರಗುಂದದ ರೈತನಿಗೆ ಎರಡೂ ಒಂದೇ ಎನ್ನಬಹುದು, ಬ್ಯಾಂಕಿನವರು ಒಪ್ಪುವುದಿಲ್ಲ. ಅದಕ್ಕೇ ಪರದೆಯ ಫಾಂಟ್ ಮಾಡುವವರು ಸೀಳನ್ನು ಕೈಬರಹಕ್ಕಿಂತ ಅಗಲ ಬಿಡುತ್ತಾರೆ, ಸುಳಿಯ ಒಳಜಾಗವನ್ನು ತುಸು ಊದಿಸುತ್ತಾರೆ, ದಪ್ಪ ತೆಳುವಿನ ಏರಿಳಿತ ಕಡಿಮೆ ಮಾಡಿ ಗೆರೆಯನ್ನು ಒಂದೇ ಹದಕ್ಕೆ ತರುತ್ತಾರೆ.

ಇನ್ನು ಒತ್ತು. ಇಂಗ್ಲಿಷಿನಲ್ಲಿ ಸಣ್ಣ ಜಿ, ವೈ ಇಂಥ ಕೆಲವೇ ಅಕ್ಷರ ಸಾಲಿನ ಕೆಳಗೆ ಬಾಲ ಬಿಡುತ್ತವೆ. ಕನ್ನಡದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಎಂದರೆ ಒತ್ತಿನ ಮಗ್ಗುಲಿಗೆ ಇನ್ನೊಂದು ಒತ್ತು. ಆಪ್‌ಗಳ ಗುಂಡಿ, ಚೌಕಗಳನ್ನು ಅಳೆಯುವುದು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು. ಕೆಳಗಿನದನ್ನು ಚೌಕ ಕತ್ತರಿಸಿದರೆ ಗಜೇಂದ್ರಗಡ ‘ಗಜೇಂದಗಡ’ ಆಗುತ್ತದೆ. ಎಲ್‌ಇಡಿ ಬೋರ್ಡುಗಳಲ್ಲಿ ಓಡುವ ಕನ್ನಡದಲ್ಲಿ ಈ ಕಾಲು ಕಳೆದುಕೊಂಡ ಅಕ್ಷರಗಳನ್ನು ಯಾರು ಬೇಕಾದರೂ ನೋಡಬಹುದು.

ಕಣ್ಣಿಗೆ ಒಂದೇ, ಸಂಖ್ಯೆಯಲ್ಲಿ ಬೇರೆ ಎಂಬ ಕೀಟಲೆಗಳೂ ಇವೆ. ಸೊನ್ನೆಯ ಅನುಸ್ವಾರ 3202, ಲೆಕ್ಕದ ಸೊನ್ನೆ 3302. ನೋಡಲು ಎರಡೂ ಅದೇ ದುಂಡು. ನರಗುಂದದ ನಡುವೆ ಯಾರಾದರೂ ಲೆಕ್ಕದ ಸೊನ್ನೆ ಹಾಕಿದರೆ ಮುದ್ರಣದಲ್ಲಿ ಗೊತ್ತೇ ಆಗದು. ಹುಡುಕಿದರೆ ಮಾತ್ರ ಆ ನರಗುಂದ ಸಿಗದು. ‘ಸೂರ್ಯ’ ಎಂದೂ ‘ಸೂರ‍್ಯ’ ಎಂದೂ ಬರೆಯಬಹುದು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಕೂತಿದೆ. ‘ರ‍್ಯಾಲಿ’ ಬರೆಯಲು ಅದಿಲ್ಲದೆ ಆಗದು.

ಸೂಡಿಯ ಕಲ್ಲು, ಯೂನಿಕೋಡ್‌ನ ತಪ್ಪು

ಗಜೇಂದ್ರಗಡದ ಹತ್ತಿರದ ಸೂಡಿಗೆ ಹೋದವರು ಜೋಡು ಕಳಸದ ಗುಡಿ, ನಾಗಕುಂಡ ನೋಡಿ ಬರುತ್ತಾರೆ. ಶಾಸನಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ, ಆ ಮನೆತನದ ಅಕ್ಕಾದೇವಿ ಆಡಳಿತ ನಡೆಸಿದ ಊರು ಇದು. ಕಂಡರಿಸಿದವನಿಗೂ ಇವತ್ತಿನ ಫಾಂಟ್ ವಿನ್ಯಾಸಕನ ಪ್ರಶ್ನೆಗಳೇ ಇದ್ದವು: ಉಳಿ ಎಷ್ಟು ದುಂಡಗೆ ತಿರುಗೀತು, ಸಾಲಿನ ಸಂದಿಯಲ್ಲಿ ಒತ್ತಿಗೆ ಎಷ್ಟು ಜಾಗ ಬಿಡಬೇಕು. ಅವನಿಗೆ ಚೌಕದ ಕಾಟ ಇರಲಿಲ್ಲ; ಕಲ್ಲು ಸಾಲದಿದ್ದರೆ ಅಕ್ಷರ ಒತ್ತೊತ್ತಾಗಿ ಬರೆದ.

ಇಂಥ ಶಾಸನಗಳ ಪಾಠವನ್ನು ಕಂಪ್ಯೂಟರಿಗೆ ಏರಿಸಲು ಹೊರಟವರಿಗೆ ಎದುರಾದದ್ದು ಬೇರೆ ತೊಡಕು. ಹಳಗನ್ನಡದ ಕೆಲವು ಅಕ್ಷರಗಳಿಗೆ ಸಂಖ್ಯೆಯೇ ಇರಲಿಲ್ಲ. ಪದದ ಕೊನೆಯ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ ಯೂನಿಕೋಡ್ ಸೇರಿದ್ದು 2021ರಲ್ಲಿ. ಕೊಂಕಣಿ, ಹವ್ಯಕ ಭಾಷೆಗಳ ಮೂಗಿನ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ತೋರಿಸುವ, ಬಲ ಮೇಲ್ಗಡೆ ಕೂರುವ ಅನುಸ್ವಾರ ಬಂದದ್ದು 2022ರಲ್ಲಿ. ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದ್ದು 2024ರಲ್ಲಿ. ಅದರ ಹಿಂದೆ ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿಯವರ ವರ್ಷಗಟ್ಟಲೆ ದುಡಿಮೆಯಿದೆ.

> ತಪ್ಪು ಹೆಸರು ಹೊತ್ತ ೞ
>
> ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆ 3294. ಕೊಟ್ಟ ಹೆಸರು ಮಾತ್ರ ‘ಫ’! ‘ಫ್ಯಾನ್’, ‘ಫೋನ್’ ಪದಗಳ ಫಕಾರಕ್ಕೆ ಸಲ್ಲುವ ಹೆಸರು ಅದು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ಕಟ್ಟುನಿಟ್ಟಿನ ನಿಯಮ. ತಿದ್ದುಪಡಿಯ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟು ಸುಮ್ಮನಾದರು. ಪಂಪನ ಅಕ್ಷರ ದಾಖಲೆಯಲ್ಲಿ ಶಾಶ್ವತವಾಗಿ ಫಕಾರವಾಗಿಯೇ ಇರುತ್ತದೆ.

ಗಡಿಯಾಚೆಯ ಪಾಠ

ಕೇರಳದವರು ಇದಕ್ಕಿಂತ ದೊಡ್ಡ ಪೆಟ್ಟು ತಿಂದರು. ಮಲಯಾಳದ ಕೂಡಕ್ಷರಗಳು ಟೈಪ್‌ರೈಟರಿಗೆ ಒಗ್ಗುವುದಿಲ್ಲವೆಂದು 1971ರಲ್ಲಿ ಸರ್ಕಾರವೇ ಲಿಪಿಯನ್ನು ಬಿಡಿಸಿತು. ಅಕ್ಷರಕ್ಕೆ ಅಂಟಿಕೊಂಡಿದ್ದ ಉಕಾರ, ರಕಾರಗಳು ಪಕ್ಕಕ್ಕೆ ಸರಿದು ನಿಂತವು. ಯಂತ್ರಕ್ಕಾಗಿ ಲಿಪಿ ಬಗ್ಗಿತು.

ಕೆಲವೇ ದಶಕಗಳಲ್ಲಿ ಆ ಯಂತ್ರವೇ ಮೂಲೆಗೆ ಬಿತ್ತು. ಚಿತ್ರಜಕುಮಾರ್, ಹುಸೇನ್ ಮತ್ತು ಗೆಳೆಯರು ‘ರಚನಾ’ ಎಂಬ ಫಾಂಟಿನಲ್ಲಿ ಹಳೆಯ ಕೂಡಕ್ಷರಗಳನ್ನೆಲ್ಲ ಮರಳಿ ತಂದರು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಇಂಥ ಫಾಂಟುಗಳನ್ನು ಯೂನಿಕೋಡ್‌ನಲ್ಲಿ ಬೆಳೆಸಿ ಎಲ್ಲರಿಗೂ ಬಿಟ್ಟಿಯಾಗಿ ಹಂಚಿತು. 2016ರಲ್ಲಿ ಸಂತೋಷ್ ತೊಟ್ಟಿಂಗಲ್ ಅವರ ‘ಮಂಜರಿ’ ಬಂತು. ಬ್ಯಾನರಿನಿಂದ ಪುಸ್ತಕದವರೆಗೆ ಹರಡಿತು. ‘ಚಿಲ್ಲು’ ಎಂಬ ಅರೆವ್ಯಂಜನಗಳಿಗೆ ಬೇರೆ ಸಂಖ್ಯೆ ಬೇಕೋ ಬೇಡವೋ ಎಂದು ಅಲ್ಲಿ ವರ್ಷಗಟ್ಟಲೆ ಜಗಳ ನಡೆದು, 2008ರಲ್ಲಿ ಸಂಖ್ಯೆ ಸಿಕ್ಕಿತು.

ಕನ್ನಡದಲ್ಲೂ ಒತ್ತು ಕಿತ್ತು ಪಕ್ಕಕ್ಕಿಡೋಣ ಎಂಬ ಸಲಹೆಗಳು ಆಗಾಗ ಬಂದವು, ಬೇರೂರಲಿಲ್ಲ. ಒಳ್ಳೆಯದೇ ಆಯಿತು. ಇಲ್ಲದಿದ್ದರೆ ‘ರಾಜ್‌ಯೋತ್‌ಸವ’ ನಮ್ಮ ಅಧಿಕೃತ ಕಾಗುಣಿತವಾಗಿರುತ್ತಿತ್ತು. ಆದರೆ ಕೇರಳದಲ್ಲಿ ಕಂಡ ಒಂದು ಹಟ ನಮ್ಮಲ್ಲಿ ಕಡಿಮೆ: ಚೆಂದದ ಅಕ್ಷರವನ್ನು ಸರಿಯಾದ ಸಂಕೇತದಲ್ಲೇ ಕೊಡಬೇಕು, ಅದೂ ಬಿಟ್ಟಿಯಾಗಿ, ಎಂಬ ಹಟ.

ಪೂರ್ತಿ ಬರಿಗೈಯೇನಲ್ಲ. ಅರವಿಂದ ವಿ. ಕೆ. ‘ಗುಬ್ಬಿ’, ‘ನವಿಲು’ ಫಾಂಟುಗಳನ್ನು ಮುಕ್ತವಾಗಿ ಕೊಟ್ಟರು. ಏಕ್ ಟೈಪ್ ತಂಡದ ‘ಬಲೂ ತಮ್ಮ’ ದಪ್ಪ ಅಕ್ಷರ ಬೇಕೆನ್ನುವವರಿಗೆ ಹೇಳಿ ಮಾಡಿಸಿದಂತಿದೆ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ‘ಅಕಾಯ ಕನಡಕ’ ಬ್ರಷ್ಷಿನ ಚುರುಕು ಉಳ್ಳದ್ದು. ಅಮೆರಿಕದ ವಿನ್ಯಾಸಕಿ ಎರಿನ್ ಮೆಕ್ಲಾಫ್ಲಿನ್ ಮಾಡಿದ ಒಂದೇ ಹದದ ಗೆರೆಯ ಫಾಂಟಿನ ಹೆಸರು ‘ಹುಬ್ಬಳ್ಳಿ’. ಹುಬ್ಬಳ್ಳಿಯ ತನಕ ಬಂದವರು ಇನ್ನೊಂದು ಬಸ್ ಹತ್ತಿ ಗಜೇಂದ್ರಗಡಕ್ಕೂ ಬರಲಿ. ಹಾರ್ವರ್ಡ್‌ನ ಮೂರ್ತಿ ಕ್ಲಾಸಿಕಲ್ ಲೈಬ್ರರಿಗಾಗಿ ಕೆನಡಾದ ಟೈರೋ ಟೈಪ್‌ವರ್ಕ್ಸ್ ರೂಪಿಸಿದ ಕನ್ನಡ ಅಕ್ಷರ ಈಗ ‘ಟೈರೋ ಕನ್ನಡ’ ಎಂದು ಯಾರಿಗೆ ಬೇಕಾದರೂ ಸಿಗುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ಆ ಮಾಲೆಯಲ್ಲಿ ಬಂತು. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನೂ ಅಲ್ಲಿಗೆ ತಲುಪಿದ್ದಾನೆ.

ಕಿವಿಗೆ ಬೇಕಾದದ್ದು

ಹಳೆಯ ಫಾಂಟಿನ ಲಗ್ನಪತ್ರಿಕೆ ಕಳೆದುಹೋದರೆ ಲೋಕ ಮುಳುಗದು. ಆದರೆ ಅದೇ ಕಂಪ್ಯೂಟರುಗಳಲ್ಲಿ ಬೇರೆಯದೂ ಇದೆ. ಮಠದ ಪುರಾಣ, ಭಜನಾ ಮಂಡಳಿಯ ಪದಗಳು, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಬಯಲಾಟದ ಹಸ್ತಪ್ರತಿಯಿಂದ ಹೊಡೆದ ಪುಸ್ತಕ, ಮಹದಾಯಿ ನೀರಿಗಾಗಿ 2015ರಿಂದ ಕೂತ ನರಗುಂದದ ಹೋರಾಟದಂಥ ಚಳವಳಿಗಳ ಕರಪತ್ರ. ಅಚ್ಚಾದ ಪ್ರತಿ ಹರಿದುಹೋಗಿರಬಹುದು. ಫೈಲು ಇದೆ, ಆದರೆ ಗೂಗಲ್‌ಗೆ ಅದು ಕನ್ನಡವೆಂದೇ ಗೊತ್ತಾಗದು. ಕೃತಕ ಬುದ್ಧಿಮತ್ತೆಗೆ ಕನ್ನಡದ ಪಠ್ಯ ಸಾಲದು ಎಂದು ಗೋಳಾಡುವವರು, ಪಠ್ಯ ಇಲ್ಲೇ ಯುರೋಪಿನ ವೇಷದಲ್ಲಿ ಕೂತಿದೆ ಎಂಬುದನ್ನು ನೋಡುವುದಿಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ದಾರಿ ತೋರಿಸಿದ ಜಾಗ. ಇಂದು ದೃಷ್ಟಿ ಇಲ್ಲದವರು ಪರದೆ ಓದುವ ತಂತ್ರಾಂಶದ ನೆರವಿನಿಂದ ಕನ್ನಡವನ್ನು ಕೇಳಬಲ್ಲರು. ಯೂನಿಕೋಡ್‌ನಲ್ಲಿದ್ದರೆ ಅದು ‘ರೋಣ’ ಎಂದು ಓದುತ್ತದೆ. ಹಳೆಯ ಫಾಂಟಿನಲ್ಲಿದ್ದರೆ ಜಿ, ಇ, ಎ, ಟಿ ಎಂದು ಇಂಗ್ಲಿಷ್ ಮಗ್ಗಿ ಶುರುಮಾಡುತ್ತದೆ. ಹಾಗೆ ಕೇಳಿ ಓದುವವನಿಗೆ ಫಾಂಟಿನ ಬಳ್ಳಿ, ನೆರಳು, ದಪ್ಪ ಹೊಟ್ಟೆ ಯಾವುದೂ ಇಲ್ಲ. ಅವನಿಗೆ ಇರುವುದು ಸಂಖ್ಯೆ ಒಂದೇ, ಅದನ್ನೇ ನಾವು ತಪ್ಪಾಗಿ ಬರೆದಿದ್ದೇವೆ.

ತಿದ್ದಲು ಆಗದೆ ಇಲ್ಲ. ನುಡಿ, ಬರಹ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಅವು ತುಂಡುಗಳನ್ನು ಕೂಡಿಸಿ ಅಕ್ಷರ ಮಾಡಬೇಕು. ‘ಮ’ದ ಆಚೆ ಕೂತ ಅರ್ಕಾವೊತ್ತನ್ನು ಹಿಂದಕ್ಕೆ ಒಯ್ದು ‘ನಿರ್ಮಾಣ’ದ ಸರಿಯಾದ ಜಾಗದಲ್ಲಿ ಇಡಬೇಕು. ಬಹುಪಾಲು ಸರಿ ಬರುತ್ತದೆ. ಮಧ್ಯೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡ ಮಾಡಿ ಕಲಸಿಡುತ್ತವೆ; ಒಮ್ಮೆ ಕಣ್ಣಾಡಿಸಲೇಬೇಕು. ಶ್ರೀಲಿಪಿ, ಆಕೃತಿಯ ಹಳೆಯ ಫೈಲುಗಳಿಗೆ ಯಾವ ಫಾಂಟಿನಲ್ಲಿ ಹೊಡೆದದ್ದೆಂದು ಮೊದಲು ಗೊತ್ತಾಗಬೇಕು. ಅದು ಗೊತ್ತಿರುವುದು ಅಂಗಡಿಯವನಿಗೆ ಮಾತ್ರ. ಅವನ ಹಾರ್ಡ್‌ಡಿಸ್ಕ್ ಕೆಟ್ಟ ದಿನ ಅದೂ ಹೋಯಿತು.

ಹಾಗಾಗಿ ಊರಿನ ಸಂಘ, ಮಠ, ಶಾಲೆಯವರಲ್ಲಿ ಒಂದು ಕೋರಿಕೆ. ಹಳೆಯ ಪುಸ್ತಕ ಹೊಡೆಸಿದ ಅಂಗಡಿಗೆ ಈ ವಾರವೇ ಹೋಗಿ, ಫೈಲನ್ನೂ ಅದರ ಫಾಂಟಿನ ಹೆಸರನ್ನೂ ಬರೆಸಿಕೊಂಡು ಬನ್ನಿ. ಮುಂದೆ ಏನೇ ಅಚ್ಚು ಹಾಕಿಸಿದರೂ ಪಿಡಿಎಫ್ ಜೊತೆ ಯೂನಿಕೋಡ್ ಪಠ್ಯದ ಒಂದು ಪ್ರತಿಯನ್ನು ಅವತ್ತೇ ಕೇಳಿ ಪಡೆಯಿರಿ. ಅವತ್ತು ಕೇಳಿದರೆ ಅಂಗಡಿಯವನಿಗೆ ಅದು ಕೆಲವೇ ನಿಮಿಷದ ಕೆಲಸ. ವರ್ಷಗಳಾದ ಮೇಲೆ ಇಡೀ ಪುಸ್ತಕವನ್ನು ಮತ್ತೆ ಹೊಡೆಸಬೇಕಾಗುತ್ತದೆ.